ಮಗಳು ಓದುವ ಆ ಕಾದಂಬರಿ ನನಗೂ ಹಿಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ. ಯಜಮಾನರು ಕಾಫಿ ತೋಟವೊಂದರಲ್ಲಿ ರೈಟರ್. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಈ ವರ್ಷ ಹಾಸನದಲ್ಲಿ ಪಿಯುಸಿಗೆ ಸೇರಿದ್ದಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ದಸರಾ ರಜೆಗೆ ಬಂದಾಗ 'ಡೈವರ್ಜೆಂಟ್' ಅನ್ನೋ ಇಂಗ್ಲಿಷ್ ಕಾದಂಬರಿ ತಂದಿದ್ದಳು. ಎರಡನೇ ಸಲ ಓದುತ್ತಿದ್ದಾಳಂತೆ. "ಅಮ್ಮ, ನೀನೂ ಓದು, ಆಮೇಲೆ ಮಾತಾಡೋಣ" ಅಂತ ಪುಸ್ತಕ ಇಲ್ಲೇ ಬಿಟ್ಟು ಹೋದಳು. ನಾನು ಬಿ.ಎ. ಮಾಡಿದವಳು. ಕನ್ನಡ ಕಾದಂಬರಿ ಸಿಕ್ಕಿದ್ದೆಲ್ಲ ಓದುತ್ತೇನೆ, ಇಂಗ್ಲಿಷ್ ಸ್ವಲ್ಪ ನಿಧಾನ. ಮಕ್ಕಳು ಓಡುವ ರೈಲಿನಿಂದ ಕಟ್ಟಡದ ಮೇಲೆ ಹಾರುವ ಕಡೆ ನಿಲ್ಲಿಸಿಬಿಟ್ಟೆ. ಹದಿನಾರಕ್ಕೆ ಅಪ್ಪ ಅಮ್ಮನನ್ನು ಬಿಟ್ಟು ಹೋಗುವುದು, ಹೊಡೆದಾಟ, ಬಂದೂಕು. ಇದರಲ್ಲಿ ಏನು ಖುಷಿ? ಅವಳು ಮನೆ ಬಿಟ್ಟ ವರ್ಷವೇ ಇದನ್ನು ಹಿಡಿದುಕೊಂಡಿದ್ದಾಳಲ್ಲ ಅಂತ ಒಳಗೊಳಗೇ ಹೆದರಿಕೆ. ಆದರೆ ಅವಳ ಜೊತೆ ಕೂತು ಮಾತಾಡುವ ಆಸೆಯೂ ಇದೆ. ತೋಟದ ಮಾಲೀಕರ ಬಂಗಲೆ ಮಕ್ಕಳ ಜೊತೆಗೂ ಕೂಲಿಯವರ ಲೈನಿನ ಮಕ್ಕಳ ಜೊತೆಗೂ ಪೂರ್ತಿ ಬೆರೆಯದೆ ಬೆಳೆದವಳು ಅವಳು. ಇಂಥ ಪುಸ್ತಕವನ್ನು ಹೇಗೆ ಓದಿದರೆ ನನಗೂ ರುಚಿಸುತ್ತದೆ? ಆರನೇ ಕ್ಲಾಸಿನ ಮಗನೂ ಕೇಳುತ್ತಿದ್ದಾನೆ, ಕೊಡಬಹುದಾ?

ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಬಂಗಲೆಗೂ ಸೇರದೆ ಲೈನಿಗೂ ಸೇರದೆ ಬೆಳೆದವಳು ಎಂದು ಬರೆದಿದ್ದೀರಿ. ನಿಮ್ಮ ಮಗಳು ಈ ಪುಸ್ತಕವನ್ನು ಎರಡು ಸಲ ಏಕೆ ಓದಿದಳು ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಇದು ಅಂಥದ್ದೇ ಒಬ್ಬ ಹುಡುಗಿಯ ಕಥೆ.

ಹಾಸನದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತ ಬಂದವಳು ನಾನು. ಈ ಜಾತಿಯ ಪುಸ್ತಕಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುವ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಹೊರಗಿನವರಿಗೆ ಇವು ಬಂಡಾಯದ ಕಥೆಗಳು. ಕೆಟ್ಟ ಸರ್ಕಾರ, ಎತ್ತರದ ಬೇಲಿ, ಬಂದೂಕು ಹಿಡಿದ ಹುಡುಗಿ. ಮುಖಪುಟ, ಸಿನಿಮಾ ಪೋಸ್ಟರ್ ಎಲ್ಲ ಅದನ್ನೇ ತೋರಿಸುತ್ತವೆ. ಆದರೆ ಓದಿ ಬಂದ ಮಕ್ಕಳನ್ನು ಮಾತಿಗೆ ಎಳೆದು ನೋಡಿ. ಅವರು ಯುದ್ಧದ ಮಾತು ಆಡುವುದು ಕಮ್ಮಿ. ಊಟದ ಹಾಲಿನಲ್ಲಿ ಯಾರು ಯಾರ ಪಕ್ಕ ಕೂತರು, ಹೊಸಬಳನ್ನು ಯಾರು ಮೊದಲು ಮಾತಾಡಿಸಿದರು, ಯಾರು ಅಡ್ಡಹೆಸರು ಇಟ್ಟರು, ಇಂಥವನ್ನೇ ಹೇಳುತ್ತಾರೆ. ಅವರ ಪಾಲಿಗೆ ಇದು ಎಲ್ಲಾದರೂ ಒಂದು ಕಡೆ ಸೇರಿಕೊಳ್ಳಬೇಕು ಅನ್ನುವ ಹಸಿವಿನ ಕಥೆ. ನೀವೂ ಹಾಗೆ ಓದಿ. ಪುಸ್ತಕ ಬೇರೆಯದೇ ಆಗಿ ಕಾಣುತ್ತದೆ.

ಕಥೆ ಹುಟ್ಟಿದ್ದು ಎಲ್ಲಿ ಅಂತ ಮೊದಲು ಹೇಳಿಬಿಡುತ್ತೇನೆ. ಬರೆದವರು ಅಮೆರಿಕದ ವೆರೋನಿಕಾ ರಾತ್. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಬರೆದ ಕಾದಂಬರಿ ಇದು, ಪ್ರಕಟವಾದದ್ದು 2011ರಲ್ಲಿ. ಆಗ ಅವರಿಗೆ ಇನ್ನೂ ಇಪ್ಪತ್ತೆರಡು. ಕಾಲೇಜಿನ ಕೊಠಡಿಯ ಬಿಸಿ ಇನ್ನೂ ಆರದೆ ಇರುವಾಗ ಬರೆದದ್ದು ಅನ್ನುವುದು ಪುಟಪುಟದಲ್ಲೂ ಗೊತ್ತಾಗುತ್ತದೆ. ಅದೇ ಅದರ ಬಲ. ಕೆಲವು ಕಡೆ ಅದೇ ಅದರ ಕೊರತೆ ಕೂಡ, ಅದನ್ನು ಮುಂದೆ ಹೇಳುತ್ತೇನೆ.

ನಡೆಯುವುದು ಮುಂದೊಂದು ಕಾಲದ, ಅರ್ಧ ಹಾಳುಬಿದ್ದ ಶಿಕಾಗೊ ನಗರದಲ್ಲಿ. ಅಲ್ಲಿನ ಜನ ಐದು ಪಂಗಡ ಮಾಡಿಕೊಂಡಿದ್ದಾರೆ. ಲೋಕ ಕೆಟ್ಟದ್ದು ಮನುಷ್ಯನ ಸ್ವಾರ್ಥದಿಂದ ಎಂದವರು ಅಬ್ನೆಗೇಷನ್, ತಮ್ಮನ್ನು ಮರೆತು ಇನ್ನೊಬ್ಬರಿಗಾಗಿ ಬದುಕುವವರು. ಅಜ್ಞಾನದಿಂದ ಎಂದವರು ಎರುಡೈಟ್, ಓದಿನ ಜನ. ಸುಳ್ಳಿನಿಂದ ಎಂದವರು ಕ್ಯಾಂಡರ್. ಜಗಳದಿಂದ ಎಂದವರು ಅಮಿಟಿ. ಹೇಡಿತನದಿಂದ ಎಂದವರು ಡಾಂಟ್‌ಲೆಸ್. ಹುಟ್ಟಿದ ಪಂಗಡದಲ್ಲಿ ಬೆಳೆಯಬೇಕು. ಹದಿನಾರಕ್ಕೆ ಒಂದು ಪರೀಕ್ಷೆ, ಮಾರನೇ ದಿನ ಆಯ್ಕೆ. ಬೇರೆ ಪಂಗಡ ಆರಿಸಿಕೊಂಡರೆ ವಾಪಸ್ ಬರುವ ಹಾಗಿಲ್ಲ. ಸೇರಿದ ಕಡೆಯ ತರಬೇತಿಯಲ್ಲಿ ಸೋತರೆ ಪಂಗಡವಿಲ್ಲದವರ ಜೊತೆ ಬೀದಿಗೆ. ರಕ್ತಸಂಬಂಧಕ್ಕಿಂತ ಪಂಗಡ ದೊಡ್ಡದು ಅನ್ನುವುದು ಆ ಊರಿನ ಮಂತ್ರ.

ಹೀಗೆಲ್ಲಾದರೂ ಉಂಟಾ, ಒಬ್ಬ ಮನುಷ್ಯನಲ್ಲಿ ಒಂದೇ ಗುಣ ಇರುತ್ತಾ ಅಂತ ನಿಮಗೆ ಅನ್ನಿಸಿರುತ್ತದೆ. ಖಂಡಿತ ಇಲ್ಲ. ಕಥೆ ಶುರುವಾಗುವುದೇ ಅಲ್ಲಿಂದ. ಅಬ್ನೆಗೇಷನ್ ಪಂಗಡದಲ್ಲಿ ಹುಟ್ಟಿದ ನಾಯಕಿ ಬಿಯಾಟ್ರಿಸ್‌ಳ ಪರೀಕ್ಷೆಯಲ್ಲಿ ಮೂರು ಪಂಗಡಗಳ ಗುಣ ಒಟ್ಟಿಗೆ ಬರುತ್ತದೆ. ಇದನ್ನು ಯಾರಿಗೂ ಹೇಳಬೇಡ ಎಂದು ಪರೀಕ್ಷೆ ಮಾಡಿದವಳೇ ಎಚ್ಚರಿಸುತ್ತಾಳೆ. ಇಂಥ ಕಥೆಗಳಲ್ಲಿ ನಮ್ಮ ನಡುವೆ ಇರುವ ಒಂದು ಅಭ್ಯಾಸವನ್ನು ಹಿಗ್ಗಿಸಿ, ಕಾನೂನು ಮಾಡಿ ತೋರಿಸುತ್ತಾರೆ. ಇದು ಆಗುವಂಥದ್ದಾ ಅಂತ ಕೇಳುವ ಬದಲು, ಇದು ಈಗಾಗಲೇ ಎಲ್ಲಿ ಆಗುತ್ತಿದೆ ಅಂತ ಕೇಳಿ ನೋಡಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಪಿಸಿಎಂಬಿನಾ, ಪಿಸಿಎಂಸಿನಾ? ಮಗುವಿಗೆ ಹದಿನೈದು, ಹದಿನಾರು. ಅವತ್ತಿನಿಂದ ಅವಳು ನೆಂಟರ ಬಾಯಲ್ಲಿ ಸೈನ್ಸ್ ಹುಡುಗಿ ಆಗಿಬಿಡುತ್ತಾಳೆ. ಅವಳಿಗೆ ಇತಿಹಾಸ ಇಷ್ಟವಿತ್ತು, ಚೆನ್ನಾಗಿ ಹಾಡುತ್ತಿದ್ದಳು ಅನ್ನುವುದೆಲ್ಲ ಹಿಂದಕ್ಕೆ ಸರಿಯುತ್ತದೆ. ಆಮೇಲೆ ರ‍್ಯಾಂಕು, ಕಟ್ ಆಫ್, ಸೀಟು. ಕಾದಂಬರಿಯಲ್ಲಿ ತರಬೇತಿಗೆ ಬಂದವರಲ್ಲಿ ಹತ್ತು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಪ್ರತಿ ಹಂತದಲ್ಲೂ ಬೋರ್ಡಿನ ಮೇಲೆ ಹೆಸರು ಬರೆದು ಕ್ರಮಾಂಕ ಹಾಕುತ್ತಾರೆ. ನಮ್ಮ ಮಕ್ಕಳಿಗೆ ಆ ಬೋರ್ಡನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ನೀವು ಓದಿ ದಾಟಿದ ಪುಟಗಳಿಗೇ ವಾಪಸ್ ಹೋಗೋಣ. ಕಥೆ ಮುಂದೆ ಎಳೆಯುವ ಅವಸರದಲ್ಲಿ ಎರಡು ಜಾಗ ತಪ್ಪಿಹೋಗಿರಬಹುದು.

ಒಂದು, ಮೊದಲ ಪುಟ. ಬಿಯಾಟ್ರಿಸ್‌ಳ ಮನೆಯಲ್ಲಿ ಇರುವುದು ಒಂದೇ ಕನ್ನಡಿ, ಅದೂ ಜಾರುವ ಹಲಗೆಯ ಹಿಂದೆ. ಮೂರು ತಿಂಗಳಿಗೊಮ್ಮೆ, ಎರಡನೇ ತಾರೀಖು, ಅಮ್ಮ ಕೂದಲು ಕತ್ತರಿಸುವ ದಿನ ಮಾತ್ರ ಅದರ ಮುಂದೆ ಕೂರಬಹುದು. ತನ್ನನ್ನು ತಾನು ನೋಡಿಕೊಳ್ಳುವುದು ಅವರ ಪಂಗಡದಲ್ಲಿ ಸ್ವಾರ್ಥ. ಅಮ್ಮ ಕತ್ತರಿ ಆಡಿಸುತ್ತಿರುವಾಗ ಹುಡುಗಿ ಕದ್ದು ಒಮ್ಮೆ ಕನ್ನಡಿ ನೋಡುತ್ತಾಳೆ. ಅಮ್ಮನ ಕಣ್ಣಿಗೆ ಬೀಳುತ್ತದೆ. ಅಮ್ಮ ಬೈಯುವುದಿಲ್ಲ. ಇಷ್ಟೇ ದೃಶ್ಯ. ಆದರೆ ನೋಡಿ, ನಾನು ಹೇಗಿದ್ದೇನೆ, ಯಾರು ನಾನು ಅನ್ನುವ ಇಡೀ ಕಾದಂಬರಿಯ ಪ್ರಶ್ನೆ ಅಲ್ಲಿ ಬಂದುಹೋಗುತ್ತದೆ. ಅದೂ ಅಮ್ಮನ ಕೈ ತಲೆಯ ಮೇಲಿರುವಾಗ.

ಇನ್ನೊಂದು, ಆಯ್ಕೆಯ ದಿನ. ಐದು ದೊಡ್ಡ ಬಟ್ಟಲುಗಳು. ಅಬ್ನೆಗೇಷನ್‌ನದರಲ್ಲಿ ಬೂದು ಕಲ್ಲು, ಎರುಡೈಟ್‌ನದರಲ್ಲಿ ನೀರು, ಅಮಿಟಿಯದರಲ್ಲಿ ಮಣ್ಣು, ಕ್ಯಾಂಡರ್‌ನದರಲ್ಲಿ ಗಾಜು, ಡಾಂಟ್‌ಲೆಸ್‌ನದರಲ್ಲಿ ಉರಿಯುವ ಕೆಂಡ. ಹೆಸರು ಕರೆದಾಗ ಹೋಗಿ, ಚಾಕುವಿನಿಂದ ಅಂಗೈ ಕೊಯ್ದುಕೊಂಡು, ಬೇಕಾದ ಬಟ್ಟಲಿಗೆ ರಕ್ತ ಹನಿಸಬೇಕು. ಬಿಯಾಟ್ರಿಸ್‌ಗಿಂತ ಮೊದಲು ಅವಳ ಅಣ್ಣ ಕೇಲಬ್‌ನ ಸರದಿ. ಮನೆಯಲ್ಲಿ ಅವನಷ್ಟು ಒಳ್ಳೆಯ ಮಗ ಇನ್ನಿಲ್ಲ ಎಂದು ಎಲ್ಲರೂ ನಂಬಿದ್ದವನು. ಅವನು ಹೋಗಿ ನೀರಿನ ಬಟ್ಟಲಿಗೆ ರಕ್ತ ಹನಿಸಿಬಿಡುತ್ತಾನೆ. ಈಗ ಅವಳು ಏನು ಮಾಡಬೇಕು? ಅವಳೂ ಹೋದರೆ ಅಪ್ಪ ಅಮ್ಮನ ಪಾಲಿಗೆ ಮನೆ ಖಾಲಿ. ಕೈ ಕಲ್ಲಿಗೂ ಕೆಂಡಕ್ಕೂ ನಡುವೆ ತೂಗುತ್ತದೆ. ಕೊನೆಗೆ ರಕ್ತ ಕೆಂಡದ ಮೇಲೆ ಬಿದ್ದು ಚುರ್ ಎನ್ನುತ್ತದೆ. ಆ ಕ್ಷಣದಲ್ಲಿ ಅವಳಿಗೆ ತಾನು ಸ್ವಾರ್ಥಿ ಅನ್ನಿಸುತ್ತದೆ. ಧೈರ್ಯವಂತೆ ಅಂತಲೂ ಅನ್ನಿಸುತ್ತದೆ. ಎರಡೂ ಒಂದೇ ಉಸಿರಿನಲ್ಲಿ.

ನೀವು ಇದನ್ನು ಮನೆ ಬಿಟ್ಟುಹೋಗುವ ಹುಡುಗಿಯ ಕಥೆ ಎಂದು ಓದಿ ನೊಂದುಕೊಂಡಿರಿ. ಈಗ ಆ ಪುಟದಲ್ಲಿ ಅವಳ ಅಪ್ಪ ಅಮ್ಮ ಇಬ್ಬರ ಮುಖ ಹುಡುಕಿ ಓದಿ. ಅಪ್ಪನ ಕಣ್ಣಿನಲ್ಲಿ ದೂರು ಇದೆ. ಅಮ್ಮ ನಗುತ್ತಿದ್ದಾಳೆ. ಯಾಕೆ ನಕ್ಕಳು? ಏನೇ ಆದರೂ ನಿನ್ನನ್ನು ಪ್ರೀತಿಸುತ್ತೇನೆ ಎಂದು ಸಮಾರಂಭಕ್ಕೆ ಮುಂಚೆ ಮಗಳ ಕಿವಿಯಲ್ಲಿ ಏಕೆ ಹೇಳಿದಳು? ಕಾದಂಬರಿ ಇದನ್ನು ಅಲ್ಲೇ ಬಿಡಿಸುವುದಿಲ್ಲ. ನನ್ನ ಮಟ್ಟಿಗೆ ಈ ಪುಸ್ತಕದ ಅತಿ ಚೆನ್ನಾದ ಪಾತ್ರ ಆ ಅಮ್ಮ. ಮಕ್ಕಳು ಮೊದಲ ಓದಿನಲ್ಲಿ ಅವಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಎರಡನೇ ಓದಿನಲ್ಲಿ ಗಮನಿಸುತ್ತಾರೆ. ನಿಮ್ಮ ಮಗಳು ಎರಡನೇ ಸಲ ಓದಿದ ಮೇಲೆ ಪುಸ್ತಕವನ್ನು ಗೆಳತಿಯರಿಗೆ ಕೊಡದೆ ನಿಮಗೆ ಕೊಟ್ಟು ಹೋಗಿದ್ದಾಳೆ, ಅಲ್ವಾ?

ಹಾಗಾಗಿ ರೈಲಿನ ಹತ್ತಿರ ನಿಲ್ಲಿಸಬೇಡಿ. ಆ ಹಾರಾಟಗಳನ್ನು ಬೇಕಾದರೆ ಬೇಗ ಓದಿ ದಾಟಿ. ಅವಳು ಬಲೆಯ ಮೇಲೆ ಬಿದ್ದು ಮೇಲೇಳುವಾಗ ಒಬ್ಬ ಹೆಸರು ಕೇಳುತ್ತಾನೆ, ಅವಳು ಟ್ರಿಸ್ ಎನ್ನುತ್ತಾಳೆ. ಅಲ್ಲಿಂದ ನಿಧಾನ ಮಾಡಿ. ಮೊದಲ ರಾತ್ರಿಯ ಊಟದಲ್ಲಿ ಅವಳ ತಟ್ಟೆಗೆ ಹ್ಯಾಂಬರ್ಗರ್ ಬರುತ್ತದೆ. ಅವಳ ಮನೆಯಲ್ಲಿ ಸಪ್ಪೆ ಊಟ, ಇದನ್ನು ಅವಳು ಕಂಡೇ ಇಲ್ಲ. ಹೇಗೆ ತಿನ್ನಬೇಕು ಎಂದು ಗೊತ್ತಿಲ್ಲ. ಪಕ್ಕದವಳಿಗೆ ಆಶ್ಚರ್ಯ. ಇನ್ನೊಂದು ಪಕ್ಕದಲ್ಲಿದ್ದವನು ಅವರ ಕಡೆಯವರೆಲ್ಲ ಹಾಗೇ ಎಂದು ವಿವರಿಸುತ್ತಾನೆ. ಅವಳಿಗೆ ಅಲ್ಲಿ 'ಸ್ಟಿಫ್' ಎಂಬ ಅಡ್ಡಹೆಸರು ಬೇರೆ. ಹಾಸ್ಟೆಲ್ ಸೇರಿದ ಮೊದಲ ವಾರ ಎಂಥ ಹುಡುಗಿಗೂ ಇದು ಆಗುತ್ತದೆ. ಎಲ್ಲರಿಗೂ ಗೊತ್ತಿರುವ ಯಾವುದೋ ಒಂದು ಅವಳಿಗೆ ಮಾತ್ರ ಗೊತ್ತಿರುವುದಿಲ್ಲ. ಅವಳ ಮಾತಿನ ಧಾಟಿಗೆ ಯಾರೋ ನಗುತ್ತಾರೆ. ಮಲೆನಾಡಿನಿಂದ ಬಂದ ಮಕ್ಕಳು ಮೆಸ್‌ನಲ್ಲಿ ಮುದ್ದೆ ನುಂಗಲು ಕಲಿಯುವುದನ್ನು, ಬಯಲುಸೀಮೆಯ ಮಕ್ಕಳು ಅವರ ಕಡುಬು, ಕಳಲೆಯ ಮಾತು ಕೇಳಿ ಕಣ್ಣರಳಿಸುವುದನ್ನು ನಾನು ನೋಡಿದ್ದೇನೆ. ಅದು ಪ್ರೀತಿಯ ತಮಾಷೆಯಾಗಿದ್ದರೆ ಚೆಂದ. ಅಷ್ಟಕ್ಕೇ ನಿಲ್ಲದಿದ್ದರೆ ಮಗು ಒಳಗೇ ಮುದುಡುತ್ತದೆ.

ಟ್ರಿಸ್ ಹೊಸ ಪಂಗಡಕ್ಕೆ ಬಂದು ಹಚ್ಚೆ ಹಾಕಿಸಿಕೊಳ್ಳುತ್ತಾಳೆ. ನಿಮಗೆ ಇಷ್ಟವಾಗದಿರಬಹುದು. ಆದರೆ ಏನು ಹಚ್ಚೆ? ಕುತ್ತಿಗೆ ಬುಡದ ಮೂಳೆಯಿಂದ ಎದೆಯ ಕಡೆಗೆ ಹಾರುವ ಮೂರು ಹಕ್ಕಿ. ಬಿಟ್ಟುಬಂದ ಮನೆಯವರಲ್ಲಿ ಒಬ್ಬೊಬ್ಬರಿಗೆ ಒಂದು. ಮನೆಯನ್ನು ಮರೆಯಲು ಹೊರಟ ಹುಡುಗಿ ಇಂಥದ್ದನ್ನು ಬರೆಸಿಕೊಳ್ಳುತ್ತಾಳಾ?

ಇನ್ನೂ ಮುಂದೆ ಒಂದು ದೃಶ್ಯ ಇದೆ, ಅದನ್ನು ಎರಡು ಸಲ ಓದಿ. ಚಾಕು ಎಸೆಯುವ ತರಬೇತಿ. ಆಲ್ ಎಂಬ ಹುಡುಗ ಸರಿಯಾಗಿ ಎಸೆಯಲಾರ. ಬಿದ್ದ ಚಾಕು ತರಲು ಹೋಗು ಎಂದರೆ, ಉಳಿದವರು ಎಸೆಯುತ್ತಿರುವಾಗ ಹೋಗಲು ಅವನು ಒಪ್ಪುವುದಿಲ್ಲ. ಶಿಕ್ಷೆಯಾಗಿ ಗುರಿಹಲಗೆಯ ಮುಂದೆ ನಿಲ್ಲು, ನಿನ್ನ ಸುತ್ತ ಚಾಕು ಎಸೆಯುತ್ತಾರೆ ಎನ್ನುತ್ತಾನೆ ಮುಖ್ಯಸ್ಥ. ಆಲ್ ನಡುಗುತ್ತಾನೆ. ಟ್ರಿಸ್ ಮುಂದೆ ಬಂದು ಅವನ ಬದಲು ತಾನು ನಿಲ್ಲುತ್ತೇನೆ ಎನ್ನುತ್ತಾಳೆ. ನಿಲ್ಲುತ್ತಾಳೆ ಕೂಡ. ಸುತ್ತಲಿನವರಿಗೆ ಅದು ಧೈರ್ಯ. ಆದರೆ ಆ ಬುದ್ಧಿ ಅವಳಿಗೆ ಬಂದದ್ದು ಎಲ್ಲಿಂದ? ತನಗಿಂತ ಮೊದಲು ಇನ್ನೊಬ್ಬರು ಎಂದು ಹದಿನಾರು ವರ್ಷ ಕಲಿಸಿದ ಮನೆಯಿಂದ. ಅಲ್ಲಿದ್ದಾಗ ಆ ಪಾಠ ಅವಳಿಗೆ ಭಾರವಾಗಿತ್ತು, ತಾನು ಅದಕ್ಕೆ ತಕ್ಕವಳಲ್ಲ ಅನ್ನಿಸಿತ್ತು. ದೂರ ಬಂದ ಮೇಲೆ ಅದು ಅವಳದ್ದೇ ಆಯಿತು. ನಿಮ್ಮ ಹೆದರಿಕೆಗೆ ಕಾದಂಬರಿ ಕೊಡುವ ಉತ್ತರ ಈ ದೃಶ್ಯ. ಇದನ್ನು ಇಷ್ಟಪಟ್ಟ ಹುಡುಗಿ ಮನೆಯಿಂದ ದೂರವಾಗುತ್ತಿದ್ದಾಳೆ ಎಂದು ನನಗಂತೂ ಅನ್ನಿಸುವುದಿಲ್ಲ.

ಪಂಗಡವಿಲ್ಲದವರ ಬಗ್ಗೆ ಕಾದಂಬರಿ ಹೇಳುವುದು ಕಡಿಮೆ. ನೀವು ಮಾತ್ರ ಅದನ್ನು ಜಾಸ್ತಿ ಗಮನಿಸಿ. ತೋಟದಲ್ಲಿ ಇರುವವರಿಗೆ ಅದು ಬೇಗ ಕಾಣುತ್ತದೆ. ಆ ನಗರದಲ್ಲಿ ಬಸ್ ಓಡಿಸುವವರು, ಕಸ ಎತ್ತುವವರು, ಕಟ್ಟಡ ಕಟ್ಟುವವರು, ಬಟ್ಟೆ ನೇಯುವವರು ಯಾರು? ತರಬೇತಿಯಲ್ಲಿ ಸೋತು ಎಲ್ಲಿಯೂ ಸೇರದೆ ಉಳಿದವರು. ಕೂಲಿ ಎಂದು ಅವರಿಗೆ ಸಿಗುವುದು ಊಟ ಮತ್ತು ಬಟ್ಟೆ, ಅದೂ ಸಾಲದಷ್ಟು. ಐದು ಪಂಗಡಗಳ ಚೊಕ್ಕ ಬದುಕು ನಿಂತಿರುವುದು ಈ ಆರನೆಯವರ ಬೆನ್ನಿನ ಮೇಲೆ. ಟ್ರಿಸ್‌ಗೆ ಸೋಲಿನ ಭಯ ಅಷ್ಟೊಂದು ಇರುವುದಕ್ಕೆ ಅದೇ ಕಾರಣ. ಕಾಫಿ ಕುಯ್ಲಿಗೆ ಎಲ್ಲೆಲ್ಲಿಂದಲೋ ಬಂದು ಲೈನಿನಲ್ಲಿ ಇದ್ದು ಹೋಗುವವರನ್ನು ನಿಮ್ಮ ಮಗಳು ಚಿಕ್ಕಂದಿನಿಂದ ನೋಡಿದ್ದಾಳೆ. ಅವರ ಹಾಜರಿ ಬರೆಯುವುದು ಅವಳ ಅಪ್ಪನ ಕೆಲಸ. ಆ ಪುಟಗಳು ಅವಳಿಗೆ ಹೇಗೆ ಕಂಡವು ಎಂದು ಕೇಳಿ. ಶಿಕಾಗೊದಲ್ಲಿ ಕೂತು ಬರೆದವರಿಗೂ ಹೊಳೆಯದ ಒಂದು ಮಾತು ಅವಳ ಹತ್ತಿರ ಇರಬಹುದು.

ಹಾಳುಬಿದ್ದ ನಗರದ ವರ್ಣನೆ ನಿಮಗೆ ದೂರ ಅನ್ನಿಸಿದರೆ ಹಾಸನಕ್ಕೆ ಬಂದಾಗ ಮಗಳನ್ನು ಕರೆದುಕೊಂಡು ಶೆಟ್ಟಿಹಳ್ಳಿಗೆ ಹೋಗಿ ಬನ್ನಿ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಅದು ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಚಾವಣಿ ಇಲ್ಲ, ಕಮಾನುಗಳು ನಿಂತಿವೆ. ಜನ ಫೋಟೋಕ್ಕೆ ಬರುತ್ತಾರೆ. ಅಲ್ಲಿ ನಿಂತು, ಈ ಊರಿನವರು ಎಲ್ಲಿ ಹೋದರು, ಹೊಸ ಜಾಗದಲ್ಲಿ ಅವರನ್ನು ಯಾರು ಸೇರಿಸಿಕೊಂಡರು ಎಂದು ಕೇಳಿಕೊಂಡರೆ ಕಾದಂಬರಿಯ ಹಾಳು ನಗರವೂ ಹತ್ತಿರ ಬರುತ್ತದೆ. ಪುಸ್ತಕದಲ್ಲಿ ಶಿಕಾಗೊದ ದೊಡ್ಡ ಸರೋವರ ಬತ್ತಿ ಜೌಗು ನೆಲವಾಗಿದೆ. ದಡದಲ್ಲಿ ಹಳೆಯ ಜಾತ್ರೆಯ ತಿರುಗುವ ತೊಟ್ಟಿಲು ತುಕ್ಕು ಹಿಡಿದು ನಿಂತಿದೆ. ಟ್ರಿಸ್ ಒಂದು ರಾತ್ರಿ ಅದನ್ನು ಹತ್ತುತ್ತಾಳೆ. ಇದು ಹೇಗೆ ಆಯಿತು ಎಂದು ಮೊದಲ ಪುಸ್ತಕ ಹೇಳುವುದಿಲ್ಲ. ಅಲ್ಲಿನ ಮಕ್ಕಳೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು, ಯಾಕೆ ಕೇಳುತ್ತಾರೆ?

ಇನ್ನು ಹಿಂಸೆಯ ವಿಷಯ. ಇದರಲ್ಲಿ ನಿಮಗೆ ಏನನ್ನೂ ಮುಚ್ಚಿಡುವುದಿಲ್ಲ. ತರಬೇತಿಯಲ್ಲಿ ಮಕ್ಕಳನ್ನು ಪ್ರಜ್ಞೆ ತಪ್ಪುವವರೆಗೆ ಹೊಡೆದಾಡಿಸುತ್ತಾರೆ. ಒಬ್ಬ ಹುಡುಗನ ಕಣ್ಣಿಗೆ ರಾತ್ರಿ ಮಲಗಿರುವಾಗ ಚಾಕು ಹಾಕುತ್ತಾರೆ. ಗೆಳೆಯನೇ ಸೇರಿಕೊಂಡು ಟ್ರಿಸ್ ಮೇಲೆ ದಾಳಿ ಮಾಡುವ ಒಂದು ಕೆಟ್ಟ ರಾತ್ರಿ ಇದೆ. ಸೋತು ಸೋತು ಕುಗ್ಗಿದ ಒಬ್ಬ ಹುಡುಗ ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾನೆ. ಇದನ್ನು ನೀವು ಮೊದಲೇ ತಿಳಿದಿರುವುದು ಒಳ್ಳೆಯದು. ಅವನು ಸತ್ತ ಮೇಲೆ ಆ ಪಂಗಡದ ನಾಯಕ ಎಲ್ಲರ ಮುಂದೆ ನಿಂತು ಅದನ್ನು ಧೈರ್ಯ ಎಂದು ಹೊಗಳುತ್ತಾನೆ. ಜನ ಕೂಗುತ್ತಾರೆ. ಟ್ರಿಸ್‌ಗೆ ಅದನ್ನು ಕೇಳಿ ಸಿಟ್ಟು ಬರುತ್ತದೆ. ಅವಳು ಅಲ್ಲಿ ನಿಲ್ಲಲಾರದೆ ಹೊರಗೆ ಹೋಗುತ್ತಾಳೆ. ಆ ಸಿಟ್ಟು ಸರಿಯಾದದ್ದು, ಮತ್ತು ಲೇಖಕಿ ಅದರ ಪರವಾಗಿ ಇದ್ದಾರೆ.

ಈ ಅಧ್ಯಾಯದ ಬಗ್ಗೆ ಮಗಳ ಜೊತೆ ಖಂಡಿತ ಮಾತಾಡಿ. ಪುಸ್ತಕದ ನೆಪದಲ್ಲಿ ಮಾತಾಡುವುದು ಸುಲಭ. ಅವನು ಯಾರ ಹತ್ತಿರ ಹೇಳಿಕೊಳ್ಳಬಹುದಿತ್ತು ಅನ್ನಿಸುತ್ತೆ ನಿಂಗೆ ಅಂತ ಕೇಳಿ, ಸುಮ್ನೆ ಕಾಯಿರಿ. ಹಾಸ್ಟೆಲ್‌ನಲ್ಲಿ ಅವಳ ಪಕ್ಕದ ಮಂಚದವಳು ಹೇಗಿದ್ದಾಳೆ ಅನ್ನುವುದೂ ಆಗ ಹೊರಗೆ ಬರಬಹುದು. ಯಾರಿಗಾದರೂ ಮನಸ್ಸು ತುಂಬ ಕುಸಿದಿದೆ ಅನ್ನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಈ ನಂಬರ್ ಹಾಸ್ಟೆಲ್‌ನಲ್ಲಿರುವ ಎಲ್ಲ ಮಕ್ಕಳ ಫೋನಿನಲ್ಲೂ ಇರಲಿ.

ಪುಸ್ತಕದ ಕೊರತೆಯ ಮಾತು ಆಡುತ್ತೇನೆ ಅಂದಿದ್ದೆ. ಓದಿನ ಜನರಾದ ಎರುಡೈಟ್ ಪಂಗಡವನ್ನು ಲೇಖಕಿ ತೀರಾ ಒಂದೇ ಬಣ್ಣದಲ್ಲಿ ಬಳಿದಿದ್ದಾರೆ. ಓದುವವರೆಲ್ಲ ಅಧಿಕಾರದ ಆಸೆಯವರು ಅನ್ನುವ ಹಾಗೆ. ಪುಸ್ತಕವನ್ನು ಪ್ರೀತಿಸುವ ನಿಮ್ಮ ಮಗಳಿಗೆ ಇದು ಚುಚ್ಚಿರಬೇಕು, ಕೇಳಿ ನೋಡಿ. ಕೊನೆಯ ನೂರು ಪುಟಗಳಲ್ಲಿ ಘಟನೆಗಳ ನೂಕುನುಗ್ಗಲು ಜಾಸ್ತಿ, ಮನಸ್ಸಿನ ಮಾತು ಕಮ್ಮಿ. ಮುಂದಿನ ಎರಡು ಭಾಗಗಳು 2012 ಮತ್ತು 2013ರಲ್ಲಿ ಬಂದವು. ಮೂರನೆಯದರಲ್ಲಿ ಕಥೆಯನ್ನು ಇಬ್ಬರ ಬಾಯಲ್ಲಿ ಹೇಳಿಸಿದ್ದಾರೆ, ಬೇಲಿಯ ಆಚೆ ಏನಿದೆ ಎಂದು ವಿವರಿಸುವುದರಲ್ಲೇ ಪುಟ ಕಳೆಯುತ್ತದೆ. ನನಗೆ ಮೊದಲನೆಯದೇ ಮೇಲು. ಅದೊಂದನ್ನೇ ಓದಿ ನಿಲ್ಲಿಸಿದರೂ ನಷ್ಟವಿಲ್ಲ. 2014ರ ಸಿನಿಮಾವನ್ನು ಓದು ಮುಗಿಯುವ ತನಕ ನೋಡಬೇಡಿ. ಹಾರುವುದು, ಹೊಡೆಯುವುದು ಅಲ್ಲಿ ಚೆನ್ನಾಗಿದೆ. ಟ್ರಿಸ್ ಒಳಗೊಳಗೇ ತನ್ನ ಜೊತೆ ಆಡುವ ಮಾತು ಪರದೆಯ ಮೇಲೆ ಅಷ್ಟಾಗಿ ಬರುವುದಿಲ್ಲ.

ನಿಮ್ಮ ಇಂಗ್ಲಿಷ್ ನಿಧಾನ ಎಂದಿರಿ. ಈ ಪುಸ್ತಕಕ್ಕೆ ಅದೇ ಸರಿಯಾದ ವೇಗ. ವಾಕ್ಯಗಳು ಚಿಕ್ಕವು. ಎಲ್ಲವನ್ನೂ ಟ್ರಿಸ್ ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳುತ್ತಾಳೆ: ಹತ್ತುತ್ತೇನೆ, ನೋಡುತ್ತೇನೆ, ಉಸಿರು ಹಿಡಿಯುತ್ತೇನೆ. ಮುಂದೇನು ಎಂದು ಅವಳಿಗೂ ಗೊತ್ತಿಲ್ಲ. ಹದಿಹರೆಯದ ಓದುಗರನ್ನು ಹಿಡಿದು ಕೂರಿಸುವುದು ಇದೇ. ಹಳೆಯ ಕಾಲದ ಇಂಥ ಕಾದಂಬರಿಗಳಲ್ಲಿ, 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ ಅವರ '1984' ಕೂಡ ಸೇರಿ, ನಾಯಕ ನಡುವಯಸ್ಸಿನವನು, ಕೊನೆಗೆ ವ್ಯವಸ್ಥೆ ಅವನನ್ನು ನುಂಗುತ್ತದೆ. ಮಕ್ಕಳಿಗಾಗಿ ಬರೆದವರು ಇದನ್ನು ಬದಲಿಸಿದರು. ನಿಯಮಗಳನ್ನು ಮಾಡಿದವರು ದೊಡ್ಡವರು, ಅವುಗಳಲ್ಲಿ ಬದುಕಬೇಕಾದವರು ಚಿಕ್ಕವರು. ಕಥೆ ಹೇಳುವ ಹಕ್ಕು ಚಿಕ್ಕವರಿಗೇ ಇರಲಿ ಎಂದರು.

ಒಂದು ಕೆಲಸ ಮಾಡಿ. ಫೋನಿನಲ್ಲಿ ಮಾತಾಡುವಾಗ ಮಗಳಿಗೇ ಕಥೆ ಹೇಳಲು ಬಿಡಿ, ಕನ್ನಡದಲ್ಲಿ. ನೀವು ಓದಿದ ಭಾಗವನ್ನೇ ಅವಳು ಮತ್ತೆ ಹೇಳಲಿ. ಎಲ್ಲಿ ಓಡಿಸುತ್ತಾಳೆ, ಎಲ್ಲಿ ನಿಂತು ಬಿಡಿಸಿ ಹೇಳುತ್ತಾಳೆ ಅನ್ನುವುದನ್ನು ಕೇಳಿಸಿಕೊಳ್ಳಿ. ನಿಂತ ಜಾಗ ಅವಳದ್ದು. ಪಾಠ ಏನು, ನೀತಿ ಏನು ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆ ಅವಳಿಗೆ ಕ್ಲಾಸಿನಲ್ಲಿ ಸಾಕಷ್ಟು ಸಿಗುತ್ತದೆ. ನೀನು ಯಾವ ಬಟ್ಟಲಿಗೆ ಕೈ ಚಾಚುತ್ತಿದ್ದೆ ಎಂದು ಕೇಳಿ. ಆಮೇಲೆ ನಿಮ್ಮದನ್ನೂ ಹೇಳಿ. ಹದಿನಾರರಲ್ಲಿ ನಿಮ್ಮ ಮುಂದೆ ಎಷ್ಟು ಬಟ್ಟಲು ಇಟ್ಟಿದ್ದರು, ಅಥವಾ ಇಟ್ಟೇ ಇರಲಿಲ್ಲವಾ, ಇದನ್ನು ಅವಳು ನಿಮ್ಮ ಬಾಯಿಂದ ಕೇಳಿರಲಿಕ್ಕಿಲ್ಲ.

ಪುಸ್ತಕದ ಮೂರನೇ ಒಂದು ಭಾಗ ದಾಟಿದ ಮೇಲೆ ಭೇಟಿಯ ದಿನ ಎಂದು ಒಂದು ಅಧ್ಯಾಯ ಬರುತ್ತದೆ. ತರಬೇತಿಯಲ್ಲಿರುವ ಮಕ್ಕಳನ್ನು ನೋಡಲು ಹೆತ್ತವರು ಬರಬಹುದು. ಬರುವವರು ಕಮ್ಮಿ. ಟ್ರಿಸ್‌ಳ ಅಪ್ಪ ಬರುವುದಿಲ್ಲ. ಅಮ್ಮ ಒಬ್ಬಳೇ, ಬೂದು ಬಟ್ಟೆಯಲ್ಲಿ, ಆ ಕಪ್ಪು ಬಟ್ಟೆಯವರ ನಡುವೆ ಬಂದು ನಿಲ್ಲುತ್ತಾಳೆ. ಅಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆ ಅಧ್ಯಾಯವನ್ನು ನೀವು ಯಾರ ಸಹಾಯವೂ ಇಲ್ಲದೆ ಓದಬೇಕು. ಅದನ್ನು ಓದಿದ ಮೇಲೂ ಪುಸ್ತಕ ಹಿಡಿಸದಿದ್ದರೆ ಧಾರಾಳವಾಗಿ ಪಕ್ಕಕ್ಕಿಡಿ. ಹಿಡಿಸಲಿಲ್ಲ ಎಂದು ಮಗಳಿಗೆ ಹೇಳಿದರೂ ಅವಳಿಗೆ ಬೇಜಾರಾಗುವುದಿಲ್ಲ, ನೀವು ಓದಿ ಹೇಳುತ್ತಿದ್ದೀರಿ ಎಂದು ಗೊತ್ತಿದ್ದರೆ ಸಾಕು.

ಇದು ರುಚಿಸಿದರೆ ಮುಂದಿನದಕ್ಕೆ ಲೋಯಿಸ್ ಲೌರಿಯವರ 'ದ ಗಿವರ್' ತರಿಸಿಕೊಳ್ಳಿ. 1993ರದ್ದು, ತೆಳ್ಳಗಿನ ಪುಸ್ತಕ. ಅಲ್ಲಿ ಮಕ್ಕಳಿಗೆ ಆಯ್ಕೆಯೂ ಇಲ್ಲ, ಹನ್ನೆರಡಕ್ಕೆ ಹಿರಿಯರೇ ಕೆಲಸ ಗೊತ್ತುಮಾಡುತ್ತಾರೆ. ಬರವಣಿಗೆಯಲ್ಲಿ ಅದು ಇದಕ್ಕಿಂತ ಒಂದು ಕೈ ಮೇಲು. 2008ರ 'ದ ಹಂಗರ್ ಗೇಮ್ಸ್' ಬಗ್ಗೆ ಮಗಳಿಗೇ ಗೊತ್ತಿರುತ್ತದೆ, ಅದರಲ್ಲಿ ರಕ್ತಪಾತ ಇದಕ್ಕಿಂತ ಜಾಸ್ತಿ.

ಅವಳು ಒಂದು ಪುಸ್ತಕ ಕೊಟ್ಟಳು, ನೀವೂ ಒಂದು ಕೊಡಬೇಕಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ಕೊಡಿ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಅವೇ ಕಥೆಗಳನ್ನು ಕನ್ನಡದಲ್ಲಿ ಓದಲಿ. ತನ್ನದೇ ಮನೆಯೊಳಗೆ ಜಾಗ ಹುಡುಕುವ ಹೆಂಗಸರು ಅಲ್ಲಿದ್ದಾರೆ. ಪಂಗಡ, ಪರೀಕ್ಷೆ ಏನೂ ಇಲ್ಲದೆಯೇ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ಅವಳಿಗೆ ಕಾಣುತ್ತದೆ.

ಮಗನ ಪ್ರಶ್ನೆ ಉಳಿಯಿತು. ಆರನೇ ಕ್ಲಾಸಿಗೆ 'ಡೈವರ್ಜೆಂಟ್' ಬೇಡ. ಹೈಸ್ಕೂಲಿನ ಕೊನೆಗೆ ಬರಲಿ, ಆಗ ಅಕ್ಕನೇ ಕೊಡುತ್ತಾಳೆ. ಈಗ ಅವನಿಗೆ ತೇಜಸ್ವಿಯವರ 'ಕರ್ವಾಲೊ' ಓದಿ ಹೇಳಿ. 1980ರದ್ದು, ನಿಮ್ಮ ಮೂಡಿಗೆರೆಯ ಕಾಡಿನದ್ದೇ ಕಥೆ. ಹಾರುವ ಓತಿ ಹುಡುಕಿಕೊಂಡು ಹೊರಟ ಗುಂಪಿನಲ್ಲಿ ವಿಜ್ಞಾನಿಯೂ ಇದ್ದಾನೆ, ಊರಿನವರು ಕೆಲಸಕ್ಕೆ ಬಾರದವನು ಎಂದುಕೊಂಡ ಜೇನು ಹಿಡಿಯುವ ಮಂದಣ್ಣನೂ ಇದ್ದಾನೆ. ಮಂದಣ್ಣನನ್ನು ಕರ್ವಾಲೊ ಯಾಕೆ ಅಷ್ಟು ಹಚ್ಚಿಕೊಂಡ ಎಂದು ಹುಡುಗ ಕೇಳಿಯೇ ಕೇಳುತ್ತಾನೆ. ಉತ್ತರ ಹೇಳಿಬಿಡಬೇಡಿ, ಓತಿ ಸಿಗುವವರೆಗೆ ಕಾಯಲಿ.